ದಡಬಡನ ಹಿಂಗಾಲು

ಮಕ್ಕಳೇ, ಕಾಡಂಚಿನ ಒಂದು ಕೆರೆಯ ದಂಡೆಯಲ್ಲಿ ಹತ್ತಾರು ನಾಯಿಗಳು ಸಂಸಾರ ಹೂಡಿದ್ದವು. ಅವರಲ್ಲೊಬ್ಬನಿಗೆ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು. ತಾಯಿ ಇಟ್ಟ ಹೆಸರು ಅವನಿಗೇ ಮರೆತುಹೋಗಿತ್ತು. ಎಲ್ಲರಿಗೂ ಅವನು ದಡಬಡ.

ಆ ವರ್ಷ ಮರಿಗಳು ಒಂದೊಂದಾಗಿ ವಾಂತಿ ಮಾಡಿಕೊಂಡು ಸುಸ್ತಾಗಿ ಮಲಗತೊಡಗಿದವು. ದಡಬಡನ ಮಗಳು ಚುಕ್ಕಿ ಇನ್ನೂ ಗಟ್ಟಿಯಾಗಿದ್ದಳು. ನಾಳೆ ಅವಳಿಗೂ ಹಾಗೇ ಆದರೆ? ಈ ಯೋಚನೆ ಬಂದಾಗಲೆಲ್ಲ ಅವನು ಕೆರೆಗೆ ಒಂದು ಸುತ್ತು ಓಡುತ್ತಿದ್ದ.

"ದಂಡೆಯ ಮರದಲ್ಲಿ ಕೂರುವ ಆ ಗೂಬೆಯ ಕಣ್ಣು ಮರಿಗಳ ಮೇಲೆ ಬಿದ್ದಿದೆ. ಓಡಿಸೋಣ!" ಎಂದಳು ಪಕ್ಕದ ಪೊದೆಯ ಬೆಳ್ಳಿ. ನಾಯಿಗಳೆಲ್ಲ ಬೊಗಳಿ ಒಪ್ಪಿಕೊಂಡವು.

ಕೆರೆಯ ಆಮೆಯಜ್ಜಿ ಕತ್ತು ಹೊರಹಾಕಿದಳು. "ಗೂಬೆಯನ್ನು ಆಮೇಲೆ ಓಡಿಸುವಿರಂತೆ. ಮೊದಲು ನೀರನ್ನು ನೋಡೋಣ. ನನ್ನೊಬ್ಬಳ ಕೈಲಾಗದು, ನೀವೆಲ್ಲ ಸೇರಬೇಕು. ಕುಡಿಯುವ ಜಾಗ ಮೂರಿವೆ, ಹೊಂಗೆಮರ, ನೇರಳೆಮರ, ಮತ್ತಿಮರದ ಬುಡ. ಒಬ್ಬೊಬ್ಬರೂ ನಿಮ್ಮ ಮರಿಗೆ ದಿನವೂ ಒಂದೇ ಕಡೆ ಕುಡಿಸಿ. ವಾಂತಿಯಾದರೆ ಮಾತ್ರ ಆ ಮರಕ್ಕೆ ಒಂದು ಗುರುತು ಹಾಕಿ. ಎಂಟನೆಯ ದಿನ ಮೂಸಿ ಎಣಿಸೋಣ. ಬಾಯಿಮಾತು ಬೇಡ. ನಿನ್ನೆಯದು ನಿಮಗೆ ಇಂದು ನೆನಪಿರುವುದಿಲ್ಲ, ನಿಮ್ಮ ಮೂಗು ಮಾತ್ರ ಮರೆಯುವುದಿಲ್ಲ."

ನಾಯಿಗಳು ಗುರುತು ಹಾಕುವುದೆಂದರೆ ಹಿಂಗಾಲು ಎತ್ತುವುದು. ನಗಬೇಡಿ, ಅದೇ ಅವರ ಬರವಣಿಗೆ!

"ಮರಿಗೆ ಏನೂ ಆಗದಿದ್ದರೆ?" ದಡಬಡ ಕೇಳಿದ.

"ಸುಮ್ಮನಿರಬೇಕು, ಮಗಾ."

ಸುಮ್ಮನಿರುವುದು! ಚುಕ್ಕಿ ಮತ್ತಿಮರದ ಬುಡದಲ್ಲಿ ಕುಡಿದು ಕುಣಿಯುತ್ತಿದ್ದಳು, ಆದ್ದರಿಂದ ದಡಬಡನಿಗೆ ಕೆಲಸವೇ ಇರಲಿಲ್ಲ. ಎರಡು ದಿನ ಹಲ್ಲು ಕಚ್ಚಿಕೊಂಡಿದ್ದ. ಮೂರನೆಯ ದಿನ ಹೊಂಗೆಯ ಬಳಿ ಬೆಳ್ಳಿಯ ಗುರುತು ಮೂಗಿಗೆ ಬಡಿಯಿತು. ಬೇರೆಯವರ ಗುರುತಿನ ಮೇಲೆ ತನ್ನದೊಂದು ಬೀಳದಿದ್ದರೆ ಅವನಿಗೆ ಉಂಡ ಅನ್ನ ಮೈಗೆ ಹತ್ತದು. 'ಒಂದೇ ಒಂದು. ಯಾರಿಗೆ ಗೊತ್ತಾಗುತ್ತೆ?' ಎಂದುಕೊಂಡು ಕಾಲೆತ್ತಿಯೇ ಬಿಟ್ಟ. ಆಮೇಲೆ ನೇರಳೆಗೊಂದು, ಮತ್ತಿಗೊಂದು. ದಿನವೂ ಇದೇ ಆಯಿತು.

ಎಂಟನೆಯ ದಿನ ಬೆಳ್ಳಿ ಮೂಸುತ್ತ ಹೊರಟಳು. "ಇಲ್ಲಿ ದಡಬಡಣ್ಣ. ಇಲ್ಲೂ ದಡಬಡಣ್ಣ." ಮತ್ತಿಯ ಬಳಿ ಸೀನಿದಳು. "ಅಯ್ಯೋ, ಎಲ್ಲೆಲ್ಲೂ ದಡಬಡಣ್ಣನೇ! ಬೇರೆ ಯಾರ ವಾಸನೆಯೂ ಉಳಿದಿಲ್ಲ!"

ಎಲ್ಲರೂ ಅವನತ್ತ ತಿರುಗಿದರು. ದಡಬಡನ ಕಿವಿ ಬಿಸಿಯಾಯಿತು. "ಎಣಿಸುವುದೇನಿದೆ? ನಾನು ಎಲ್ಲ ಕಣ್ಣಾರೆ ನೋಡಿದ್ದೀನಿ. ಹೊಂಗೆ ಕಡೆಯ ನೀರು ಅಮೃತ!" ಎಂದುಬಿಟ್ಟ. ಆ ಕ್ಷಣಕ್ಕೆ ಬಾಯಿಗೆ ಬಂದ ಹೆಸರು ಅದು, ಅಷ್ಟೇ.

ಮಾತು ನಿಜವೆಂದು ತೋರಿಸಬೇಕಲ್ಲ? ಚುಕ್ಕಿಯನ್ನೇ ಮುಂದೆ ಬಿಟ್ಟುಕೊಂಡು ಹೊಂಗೆಯತ್ತ ನಡೆದ. ನಂಬಿದ ನಾಲ್ವರು ತಮ್ಮ ಮರಿಗಳೊಂದಿಗೆ ಹಿಂದೆ ಹೋದರು. ಉಳಿದವರು ನೇರಳೆ, ಮತ್ತಿಗಳ ಬಳಿಗೆ ಹೋದರು.

ಹೊತ್ತು ಇಳಿಯುವ ಮೊದಲೇ ಚುಕ್ಕಿ ಮೂರು ಸಲ ವಾಂತಿ ಮಾಡಿ, ಕಣ್ಣು ಬಿಡಲೂ ಆಗದೆ ಮಲಗಿಬಿಟ್ಟಳು. ಹುಟ್ಟಿದ ಮೇಲೆ ಮೊದಲ ಸಲ ದಡಬಡನಿಗೆ ಓಡಬೇಕೆನಿಸಲಿಲ್ಲ.

"ಅಜ್ಜೀ, ಎಲ್ಲರದನ್ನೂ ಅಳಿಸಿದ್ದು ನಾನೇ. ಏನೂ ನೋಡಿರಲಿಲ್ಲ. ನೋಡಿದೆ ಅಂತ ಸುಳ್ಳು ಹೇಳಿದೆ," ಎಂದು ಎಲ್ಲರೆದುರು ಅತ್ತ.

ಬೆಳ್ಳಿ ಗುರ್ರೆಂದಳು. ಆಮೆಯಜ್ಜಿ ತಡೆದಳು. "ಬೈಯುವುದಕ್ಕೆ ಆಮೇಲೂ ಹೊತ್ತಿದೆ. ಇವತ್ತು ಯಾರ ಮರಿಗೆ ವಾಂತಿಯಾಯಿತೋ ಅವರು ಮಾತ್ರ ಹೋಗಿ ಹೊಸ ಗುರುತು ಹಾಕಿ."

ನೇರಳೆಗೆ ಯಾರೂ ಹೋಗಲಿಲ್ಲ. ಮತ್ತಿಗೂ ಹೋಗಲಿಲ್ಲ. ಹೊಂಗೆಗೆ ಒಬ್ಬರಾದ ಮೇಲೊಬ್ಬರು ನಾಲ್ವರು ಹಾಕಿದರು. ಐದನೆಯದು ದಡಬಡನದು. ಕಂಡ ಕಲ್ಲಿಗೆಲ್ಲ ಏಳುತ್ತಿದ್ದ ಹಿಂಗಾಲು ಈಗ ಏಳಲೊಲ್ಲದು. ಈ ಒಂದು ಗುರುತು ಹಾಕದಿರುವ ಹಾಗಿದ್ದರೆ ಅವನು ಏನು ಬೇಕಾದರೂ ಕೊಡುತ್ತಿದ್ದ. ಕೊನೆಗೆ ಕಾಲೆತ್ತಿದ.

ಈಗ ಹುಡುಕಬೇಕಾದ ಜಾಗ ಗೊತ್ತಾಯಿತು. ಹೊಂಗೆಯ ಹಿಂದೆ ಮುಳ್ಳಿನ ಕಾರೆಗಿಡವೊಂದು ನೀರಿನ ಮೇಲೆ ಬಾಗಿತ್ತು. ಅದರ ವಿಷದ ಕಾಯಿಗಳು ಉದುರಿ ಅಲ್ಲೇ ಕೊಳೆಯುತ್ತಿದ್ದವು. ಆ ಕಡೆ ಕುಡಿಯುವುದನ್ನು ಬಿಟ್ಟ ಮೇಲೆ ಮರಿಗಳು ಚೇತರಿಸಿಕೊಂಡವು. ಚುಕ್ಕಿ ಏಳಲು ಆರು ದಿನ ಹಿಡಿಯಿತು. ಬೆಳ್ಳಿ ಗೂಬೆಯ ಮರದ ಕೆಳಗೆ ನಿಂತು ಕ್ಷಮೆ ಕೇಳಿ ಬಂದಳು.

ದಡಬಡನ ಹಿಂಗಾಲು ಮರ ಕಂಡರೆ ಈಗಲೂ ಚಡಪಡಿಸುತ್ತದೆ. ಆದರೆ ಎತ್ತುವ ಮೊದಲು ಅವನು ಒಮ್ಮೆ ಚುಕ್ಕಿಯ ಕಡೆ ನೋಡುತ್ತಾನೆ.

ನೀತಿ: ಎಲ್ಲರೂ ಕೂಡಿ ನಿಜ ಹುಡುಕುವಾಗ, ಕಂಡಿದ್ದರೆ ಕಂಡಷ್ಟೇ ಹೇಳು, ಕಾಣದಿದ್ದರೆ ಸುಮ್ಮನಿರು.