ಕಬ್ಬಿಣಕ್ಕೆಲ್ಲಿಯ ಸೆಕೆ

ಏಪ್ರಿಲ್ ಬಿಸಿಲು. ಸಬ್‌ಸ್ಟೇಷನ್ನಿನ ಟ್ರಾನ್ಸ್‌ಫಾರ್ಮರಿಗೆ ಗಾಳಿ ಬೀಸಿ ತಣ್ಣಗಿಡುತ್ತಿದ್ದ ಸ್ಟ್ಯಾಂಡ್ ಫ್ಯಾನನ್ನು ಹೊಸ ಸಾಹೇಬರು ತಮ್ಮ ಕೋಣೆಗೆ ಹೊರಿಸಿಕೊಂಡು ಹೋದರು.

"ಕಬ್ಬಿಣಕ್ಕೆಲ್ಲಿಯ ಸೆಕೆಯೋ?" ಅಂದರು.

ಆಪರೇಟರ್ ತಿಪ್ಪೇಶನಿಗೆ ಮೈಯೆಲ್ಲ ಉರಿಯಿತು.

ಮಧ್ಯಾಹ್ನದ ಹೊತ್ತಿಗೆ ಟ್ರಾನ್ಸ್‌ಫಾರ್ಮರ್ ಕಾದು ಕೆಂಡವಾಯಿತು. ಯಾವುದಾದರೊಂದು ಲೈನ್ ತೆಗೆದು ಲೋಡ್ ಇಳಿಸದೆ ಗತಿಯಿರಲಿಲ್ಲ. ಮನೆಮನೆಗೂ ಏಸಿ ಇದ್ದ ಅಧಿಕಾರಿಗಳ ಕಾಲೊನಿಯ ಲೈನನ್ನೇ ತಿಪ್ಪೇಶ ಆಫ್ ಮಾಡಿದ.

ಕಾಲೊನಿಯ ಮನೆಯಿಂದ ಹೆಂಡತಿಯ ಫೋನ್ ಬಂದದ್ದೇ ತಡ, ಸಾಹೇಬರು ಕೆಂಡ ಕಾರುತ್ತ ಓಡಿಬಂದರು.

"ಆಸ್ಪತ್ರೆ ಲೈನ್ ಇರಲಿಲ್ವೇನೋ? ನಮ್ಮದೇ ಬೇಕಿತ್ತಾ?"

"ಆಸ್ಪತ್ರೆಯವರು ಫ್ಯಾನ್ ಹೊತ್ತುಕೊಂಡು ಹೋಗಿಲ್ಲ ಸಾರ್."

ಸಾಹೇಬರು ಕೋಣೆಗೆ ಓಡಿದರು. ತಾವೇ ಫ್ಯಾನನ್ನು ತಬ್ಬಿಕೊಂಡು ಬಿಸಿಲಿಗೆ ತಂದು ನಿಲ್ಲಿಸಿದರು.

"ಈಗ ಲೈನ್ ಕೊಡೋ."

"ತಣ್ಣಗಾಗಲಿ ಸಾರ್, ಕೊಡ್ತೀನಿ. ಕಬ್ಬಿಣ ನೋಡಿ, ಆರೋದು ತಡ. ಅಲ್ಲೀವರೆಗೂ ನೀವೂ ಇಲ್ಲೇ ನಿಂತಿರಿ."