ಕಾರೆ ಗಿಡದ ತೊಗಟೆ

"ಗುರುಗಳೇ, ನನ್ನಲ್ಲಿ ಇನ್ನೂ ಭಕ್ತಿ ಉಳಿದಿದೆಯೇ?" ಎಂದು ಚೆನ್ನವೀರ ಕೇಳಿದ.

ಇದೇ ಪ್ರಶ್ನೆಯನ್ನು ತನಗೆ ತಾನೇ ದಿನವೂ ಕೇಳಿಕೊಂಡು ಅವನು ಸೋತುಹೋಗಿದ್ದ. ಜಪಕ್ಕೆ ಕೂತರೆ ಜಪ ಹಿಂದಾಗಿ, ಮನಸ್ಸನ್ನು ತಡಕುವುದೇ ಕೆಲಸವಾಗುತ್ತಿತ್ತು. ಈಚೆಗೆ ಅಲ್ಲಿ ಏನೂ ಸಿಗುತ್ತಿರಲಿಲ್ಲ. ಸಾಕಪ್ಪಾ ಸಾಕು ಅನ್ನಿಸಿತ್ತು. ಗುರುಗಳು ಇಲ್ಲ ಎಂದುಬಿಟ್ಟರೆ ಮಠ ಬಿಟ್ಟು ಊರಿಗೆ ಹೊರಡುವುದೆಂದು ಬಟ್ಟೆಯ ಗಂಟನ್ನೂ ಕಟ್ಟಿಟ್ಟಿದ್ದ.

ಗುರುಗಳಿಗೆ ವಯಸ್ಸಾಗಿತ್ತು, ಪ್ರಶ್ನೆಗಳೆಂದರೆ ದಣಿವಾಗುತ್ತಿತ್ತು. "ಕೂತುಕೋ. ನಿಂತವರು ಅರ್ಧ ಕತೆ ಕೇಳಿ ಹೊರಟುಬಿಡುತ್ತಾರೆ" ಎಂದು ಶುರುಮಾಡಿದರು.

ಒಬ್ಬ ವ್ಯಾಪಾರಿ ಇದ್ದ. ಅವನ ಹೆಂಡತಿ ಹಿತ್ತಲಿನ ಬಿಸಿಲಲ್ಲಿ ಕಲ್ಲು ಪೇರಿಸಿ, ಸಂದುಗಳಿಗೆ ಮಣ್ಣು ತುಂಬಿ, ಗುಡ್ಡದ ಗಿಡಗಳನ್ನು ತಂದು ನೆಟ್ಟಿದ್ದಳು. ನಡುವೆ ಒಂದು ಕಾರೆ ಗಿಡ. ಮೊಣಕಾಲೆತ್ತರ, ಮೈಯೆಲ್ಲ ಮುಳ್ಳು. "ಬೇಲಿಯಲ್ಲಿರುವುದನ್ನು ಮನೆಗೆ ತಂದೆಯಲ್ಲೇ ಮಾರಾಯ್ತಿ" ಎಂದು ಅವನು ನಗುತ್ತಿದ್ದ. ಒಂದು ಮಳೆಗಾಲ ಅವಳು ಜ್ವರದಲ್ಲಿ ತೀರಿಕೊಂಡಳು. ಆಮೇಲೆ ಆ ಮುಳ್ಳಿನ ಗಿಡವೇ ಅವನ ಜೀವವಾಯಿತು.

ಬೇಸಿಗೆ ಬಂತು. ಕಾರೆ ಎಲೆಯನ್ನೆಲ್ಲ ಉದುರಿಸಿ ಬೋಳಾಗಿ ನಿಂತಿತು. ಅವನು ಗಾಬರಿಯಾದ. ಇದೂ ಹೋಯಿತೇ? ಉಗುರಿನಿಂದ ತೊಗಟೆ ಕೆರೆದು ನೋಡಿದ. ಒಳಗೆ ಹಸಿರಿತ್ತು. ಅಂದು ಹೊಟ್ಟೆತುಂಬ ಉಂಡ. ಬೆಳಗಾದರೆ ಮತ್ತೆ ಅನುಮಾನ. ಇನ್ನೊಂದು ಕಡೆ ಕೆರೆದ.

ನೆರೆಮನೆಯ ಅಜ್ಜಿ ಗೋಡೆಯಾಚೆಯಿಂದ ನೋಡಿ, "ಯಾಕಪ್ಪಾ ಅದನ್ನ ಪರಚ್ತೀಯ? ಗುಡ್ಡದ ಕಾರೆಯೆಲ್ಲ ಹಿಂಗೇ ನಿಂತವೆ. ಮಳೆ ಬಿದ್ರೆ ತಾನೇ ಚಿಗುರ್ತದೆ, ಬಿಡು" ಎಂದಳು.

"ಬಿಡು ಅನ್ನೋದು ಸುಲಭ ಅಜ್ಜಿ. ನನಗಿರೋದು ಇದೊಂದೇ" ಎಂದ ಅವನು.

ಮಳೆ ಬಿತ್ತು. ಗುಡ್ಡದ ಕಾರೆಗಳೆಲ್ಲ ಚಿಗುರಿದವು. ಅವನದು ಚಿಗುರಲಿಲ್ಲ. ಬುಡದಿಂದ ತುದಿಯವರೆಗೆ ಅದಕ್ಕೆ ತೊಗಟೆಯೇ ಉಳಿದಿರಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಚೆನ್ನವೀರನಿಗೆ ಆ ವ್ಯಾಪಾರಿಯನ್ನು ನೆನೆದು ಮರುಕವಾಯಿತು, ಗುರುಗಳ ಮೇಲೆ ಸಿಟ್ಟೂ ಬಂತು. "ಹಾಗಾದರೆ ಅವನ ಪ್ರೀತಿ ಸುಳ್ಳೇ?" ಎಂದು ಕೇಳಿದ.

"ಪ್ರೀತಿ ನಿಜ ತಮ್ಮಾ, ಉಗುರೂ ನಿಜ" ಎಂದರು ಗುರುಗಳು.

ಚೆನ್ನವೀರ ಎದ್ದು ಹೋಗಿ ಬಟ್ಟೆಯ ಗಂಟು ಬಿಚ್ಚಿಟ್ಟು, ಮನಸ್ಸನ್ನು ತಡಕದೆ ಜಪಕ್ಕೆ ಕೂತ.