ಸಾಲು ತಪ್ಪಿದ ಕೋರೆಹಲ್ಲು

ನಲವತ್ತು ದಾಟಿದ ಬೆನೆಡಿಕ್ಟಾ ಬಾಯಿ ಎಂಬಾಕೆಯ ಇಕ್ಕಟ್ಟಾದ ಮೇಲ್ದವಡೆಯಲ್ಲಿ ಬಾಚಿಹಲ್ಲಿನ ಮನೆತನಕ್ಕೆ ಮೊದಲಿನಿಂದಲೂ ಒಳ್ಳೆಯ ಹೆಸರು. ಆಕೆ ನಕ್ಕಾಗ ಎಲ್ಲರಿಗಿಂತ ಮೊದಲು ಕಾಣುವುದು ಅವರೇ. ಆದ್ದರಿಂದ ಸಾಲು ಬಿಟ್ಟು ಮೇಲೆ ನಿಂತ ಕೋರೆಹಲ್ಲನ್ನು ಹಿರಿಯ ಬಾಚಿಹಲ್ಲು ಎಲ್ಲರೆದುರೇ ಗದರಿಸುತ್ತಿತ್ತು.

"ಒರಟ! ಸಾಲಿನಲ್ಲಿ ನಿಲ್ಲಲು ಯಾರೂ ಕಲಿಸಲಿಲ್ಲವೇ?"

"ಜಾಗವಿಲ್ಲ, ಅಮ್ಮ."

"ಮರ್ಯಾದಸ್ಥರಿಗೆ ಜಾಗ ತಾನಾಗಿ ಸಿಗುತ್ತದೆ."

ಒಂದು ದಿನ ದಂತವೈದ್ಯರು ಶಸ್ತ್ರಚಿಕಿತ್ಸೆ ಮಾಡದೆ ಅಂಗುಳಕ್ಕೆ ದವಡೆ ಅಗಲಿಸುವ ತಿರುಪಿನ ಪಟ್ಟಿಯೊಂದನ್ನು ಕೂರಿಸಿದರು. ತಿರುಪು ತಿರುಗಿದಂತೆಲ್ಲ ದವಡೆ ಬಿಗಿದು ನರಳಿತು.

"ಈ ವಯಸ್ಸಿನಲ್ಲಿ ಎಲುಬು ಬಲಿತಿದೆ. ಮುರಿದರೆ ಎಲ್ಲರೂ ಉದುರುತ್ತೇವೆ. ಎಲ್ಲ ನಿನ್ನಿಂದ!" ಎಂದು ಬಾಚಿಹಲ್ಲು ನಡುಗಿತು.

ದವಡೆ ಮುರಿಯಲಿಲ್ಲ, ಅಗಲವಾಯಿತು. ಬಾಚಿಹಲ್ಲಿಗೂ ಪಕ್ಕದಲ್ಲೇ ನಿಂತಿದ್ದ ಅದರ ತಂಗಿ ಬಾಚಿಹಲ್ಲಿಗೂ ನಡುವೆ ಸಂದು ಬಿತ್ತು.

"ಏನಮ್ಮ, ನೀವೂ ಸಾಲು ಕೆಡಿಸಿದಿರಾ?" ಎಂದು ಹಿಂದಿನ ದವಡೆಹಲ್ಲು ಕಿಸಕ್ಕೆಂದಿತು.

ಆಮೇಲೆ ವೈದ್ಯರು ಹಲ್ಲುಗಳಿಗೆ ಕಟ್ಟಿದ ತಂತಿ ಎಳೆಯಿತು. ಸಂದು ಕೂಡಿತು, ಕೋರೆಹಲ್ಲು ಕೆಳಗಿಳಿದು ಸಾಲಿನಲ್ಲಿ ನೆಟ್ಟಗೆ ನಿಂತಿತು.

ಬಾಚಿಹಲ್ಲು ಮುಖ ತಿರುಗಿಸಿತು. "ಜಾಗ ಕೊಟ್ಟೆವಲ್ಲ, ಇನ್ನೇನು ಬೇಕು?"

"ಜಾಗ ಕೊಟ್ಟದ್ದು ತಿರುಪು. ಈ ಸಾಲಿನೆದುರು ನನ್ನನ್ನು ಒರಟನೆಂದದ್ದು ನೀವು. ಈ ಸಾಲಿನೆದುರೇ ಕ್ಷಮೆ ಕೇಳಿ."